ನಾಯಿಗೆ ಶೀತದ ಸಿರಪ್ಪು: ದೊಡ್ಮನೆ ಬಳಗದ ಗುಂಪಿನಲ್ಲಿ ಭಾನುವಾರ

ಶ್ರೀಧರ ಭಾವ (ಫಾರ್ವರ್ಡ್): ನೀವು ಹೊರಗೆ ಹೋದ ತಕ್ಷಣ ನಾಯಿ ಊಳಿಡುತ್ತಾ? 7 ದಿನದಲ್ಲಿ ಗುಣ!! 🐕🙏 ಹಳೇ ಅಂಗಿ ಹಾಸಿ. ರೇಡಿಯೋ ಹಚ್ಚಿಡಿ. ಬಾಗಿಲು ಕೆರೆದಿದ್ದರೆ ಮೂತಿ ಅಲ್ಲಿಗೇ ತಿಕ್ಕಿ ಬುದ್ಧಿ ಕಲಿಸಿ. ಮಕ್ಕಳ ಶೀತದ ಸಿರಪ್ 1 ಚಮಚ ಅನ್ನದಲ್ಲಿ ಕಲಸಿ ಕೊಟ್ಟರೆ ಸಂಜೆವರೆಗೆ ಶಾಂತ. ಎಲ್ಲರಿಗೂ ಕಳಿಸಿ.

ಶ್ರೀಧರ ಭಾವ: ಸುಮಾ, ನಿಮ್ಮ ರಾಜನದ್ದೇ ಕಥೆ ಇದು

ಸುಮಕ್ಕ: ಹೌದು ಭಾವ. ಪಕ್ಕದ ಮನೆಯವರು ಮತ್ತೆ ಫೋನ್ ಮಾಡಿದ್ರು. ನಾಳೆಯಿಂದಲೇ ಶುರು ಮಾಡ್ತೀನಿ

ವಿನಯ: ಅಕ್ಕಾ, ಸಿರಪ್ ಮುಟ್ಟಬೇಡ!! ಭಾವ, ಇದನ್ನ ಬರೆದ ಪಶುವೈದ್ಯರು ಯಾರು?

ವಿನಯ: ಶೀತದ ಸಿರಪ್ಪುಗಳಲ್ಲಿ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಎಲ್ಲ ಇರುತ್ತೆ. ಪ್ಯಾರಾಸಿಟಮಾಲ್ ಹೆಚ್ಚಾದ್ರೆ ನಾಯಿಯ ಲಿವರ್ ಹಾಳು. ಫಿನೈಲೆಫ್ರಿನ್‌ನಿಂದ ಬಿಪಿ ಏರುತ್ತೆ. ಸಕ್ಕರೆ ಇಲ್ಲದ ಕೆಲವು ಸಿರಪ್ಪಲ್ಲಿ ಸಿಹಿಗೆ ಅಂತ ಜೈಲಿಟಾಲ್ ಇರುತ್ತೆ, ಅದು ನಾಯಿಯ ರಕ್ತದ ಸಕ್ಕರೆಯನ್ನ ಒಂದು ಗಂಟೆಯೊಳಗೆ ಇಳಿಸಿಬಿಡಬಹುದು

ಶ್ರೀಧರ ಭಾವ: ನಾನು ಏನು ಹಾಕಿದ್ರೂ ನಿಂಗೆ ಸಾಕ್ಷಿ ಬೇಕು. ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣದ ವಿಷಯ ಹಾಕಿದಾಗಲೂ ಹಿಂಗೇ

ಪ್ರಭಾ ಚಿಕ್ಕಮ್ಮ: ಬೋರ್ಡೋ ಬೇಡ ಅಂತ ನೀವು ಹಾಕಿದ್ದು ನಂಬಿ ನಮ್ಮನೆಯವರು ಹೊಡೆಸ್ಲಿಲ್ಲ. ಆ ವರ್ಷ ತೋಟಕ್ಕೆ ಕೊಳೆ ರೋಗ ಬಂತಲ್ಲ

ಶ್ರೀಧರ ಭಾವ: ಈಗ ಅದು ಯಾಕೆ ಚಿಕ್ಕಮ್ಮ

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಬಾಯಿಲ್ಲದ ಜೀವ ತಂದು ಮನೆಗೆ ಬೀಗ ಹಾಕಿ ಹೋಗೋದು ಪಾಪ. ಊರಲ್ಲಿ ಮನೆ ಖಾಲಿ ಅಂತ ಇರ್ತಿರಲಿಲ್ಲ. ಸಾಕೋಕಾಗಲ್ಲ ಅಂದ್ರೆ ತರಬಾರದು. ತಂದ ಮೇಲೆ ಸರಪಳಿ ಹಾಕಿ ಕಟ್ಟಿ, ತಾನೇ ಅಭ್ಯಾಸ ಆಗುತ್ತೆ

ಪಲ್ಲವಿ: ಅಯ್ಯೋ ದೊಡ್ಡಪ್ಪ, ನಮ್ಮ ಕರಿಯ ನೆನಪಾದ 😢 ಕೊನೆಕೊಯ್ಲಲ್ಲಿ ಅಡಿಕೆ ಬೇಯಿಸೋ ಹಂಡೆ ಪಕ್ಕ ಬೆಚ್ಚಗೆ ಮಲಗ್ತಿತ್ತು. ಸುಲಿಯೋರು ಯಾರೂ ಅದನ್ನ ಏಳಿಸ್ತಿರಲಿಲ್ಲ

ಸುಮಕ್ಕ: ಆ ಕರಿಯನ್ನ ಮನೆ ಪಾಲಾದಾಗ ಯಾರು ಬಿಟ್ಟು ಹೋದ್ರು ಅಂತಲೂ ನೆನಪಿದೆ

ಶ್ರೀಧರ ಭಾವ: ಈ ಸಂದೇಶ ಅಳಿಸಲಾಗಿದೆ

ವಿನಯ: ಅಕ್ಕಾ ಪ್ಲೀಸ್, ಅದು ಆಮೇಲೆ. ದೊಡ್ಡಪ್ಪ, ಕಟ್ಟಬಾರದು. ಇದು ಹಟ ಅಲ್ಲ, ಭಯ. ಗಾಬರಿಯಾದ ನಾಯಿ ಸರಪಳಿ ಜಗ್ಗಿ ಕುತ್ತಿಗೆ ಗಾಯ ಮಾಡಿಕೊಳ್ಳುತ್ತೆ, ಕಚ್ಚಿ ಹಲ್ಲು ಮುರ್ಕೊಳ್ಳುತ್ತೆ. ಬೋನಿಗೆ ಹಾಕಿದ್ರೂ ಅಷ್ಟೇ. ನಮ್ಮ ಕಡೆ ರಾತ್ರಿ ಕಟ್ಟಿಟ್ಟ ನಾಯಿ ಚಿರತೆಗೆ ಬಡಿಸಿಟ್ಟ ಹಾಗೆ, ಅದಂತೂ ನಿಮಗೇ ಗೊತ್ತು

ವಿನಯ: ಮೂತಿ ತಿಕ್ಕೋದೂ ಬೇಡ. ಕಿವಿ ಇಳಿಸಿ ಮುಖ ಆ ಕಡೆ ಮಾಡೋದು ತಪ್ಪೊಪ್ಪಿಗೆ ಅಲ್ಲ, ನಿಮ್ಮ ಸಿಟ್ಟಿಗೆ ಹೆದರಿದ್ದು. ಬೆಳಗ್ಗೆ ಕೆರೆದಿದ್ದಕ್ಕೆ ಸಂಜೆ ಬೈದ್ರೆ, ನೀವು ವಾಪಸ್ ಬರೋದಕ್ಕೂ ಅದು ಹೆದರೋಕೆ ಶುರು ಮಾಡುತ್ತೆ

ಸುಮಕ್ಕ: ಮತ್ತೆ ಎಂಥ ಮಾಡೋದು ಮಾರಾಯ, ಅದನ್ನ ಹೇಳು

ವಿನಯ: ಮೊದಲು ಹಳೇ ಫೋನಲ್ಲಿ ವಿಡಿಯೋ ಇಟ್ಟು ಹೋಗು. ಮೊದಲ ಅರ್ಧ ಗಂಟೆ ಮುಖ್ಯ. ಮಲಗಿ ಎದ್ದು ಆಮೇಲೆ ಚಪ್ಪಲಿ ಕಚ್ಚಿದ್ರೆ ಅದು ಬೇಸರ, ವಾಕಿಂಗು ಆಟ ಜಾಸ್ತಿ ಮಾಡಿದ್ರೆ ಸಾಕು. ಬಾಗಿಲು ಹಾಕ್ತಿದ್ದ ಹಾಗೇ ಅತ್ತಿತ್ತ ಓಡಾಟ, ಜೊಲ್ಲು, ಊಳು, ಬಾಗಿಲು ಕೆರೆಯೋದು ಅಂದ್ರೆ ಒಂಟಿತನದ ಭಯ. ಗುಡುಗಿನ ದಿನ ಮಾತ್ರ ಹಾಗಾದ್ರೆ ಅದು ಶಬ್ದದ ಭಯ, ಅದಕ್ಕೆ ದಾರಿ ಬೇರೆ

ವಿನಯ: ಎಷ್ಟನೇ ಸೆಕೆಂಡಿಗೆ ಕುಂಯ್ ಅಂತ ಶುರು ಮಾಡ್ತು ನೋಡು. 20 ಅಂತಿಟ್ಕೋ. ಅಭ್ಯಾಸ ಅದಕ್ಕಿಂತ ಒಳಗೇ: 5 ಸೆಕೆಂಡು ಹೊರಗೆ ನಿಂತು ಬಾ, ಆಮೇಲೆ 12, ಮತ್ತೆ 8, 15, 6. ಪ್ರತಿ ಸಲ ಏರಿಸ್ತಾ ಹೋದ್ರೆ ಮುಂದಿನದು ಇನ್ನೂ ಕಷ್ಟ ಅಂತ ಅದಕ್ಕೆ ತಿಳಿದುಬಿಡುತ್ತೆ. ಅಳೋಕೆ ಮೊದಲೇ ಒಳಗೆ ಬಂದು ಸುಮ್ಮನೆ ನಿನ್ನ ಕೆಲಸ ನೋಡ್ಕೋ. ಅತ್ತರೆ ಆ ಸಮಯ ಅದಕ್ಕೆ ಜಾಸ್ತಿ ಆಯ್ತು ಅಂತ, ಮುಂದಿನ ಸಲ ಕಮ್ಮಿ ಮಾಡು. ಬೇರೆ ಹೊತ್ತಲ್ಲಿ ಗಾಡಿ ಕೀ ತಗೊಂಡು ಟಿವಿ ಮುಂದೆ ಕೂರು, ಚಪ್ಪಲಿ ಹಾಕಿ ಅಡುಗೆಮನೆಗೆ ಹೋಗು. ಕೀ ಸದ್ದಾದ್ರೆ ಅಕ್ಕ ಹೋದ್ಲು ಅನ್ನೋ ಗಂಟು ಬಿಚ್ಚಬೇಕು

ವಿನಯ: ಸುಮಾರು 40 ನಿಮಿಷದವರೆಗೆ ಮುಟ್ಟೋದೇ ನಿಧಾನ. ಅದಾದ ಮೇಲೆ 5–10 ನಿಮಿಷ ಒಟ್ಟಿಗೆ ಏರಿಸಬಹುದು. ವಾರಗಳು ಬೇಕು, ಕೆಲವಕ್ಕೆ ತಿಂಗಳು. 7 ದಿನ ಅಂದೋರು ಇದನ್ನ ಮಾಡಿ ನೋಡಿಲ್ಲ

ಪಲ್ಲವಿ: ಮೊಸರನ್ನ ಇಟ್ಟು ಹೋದ್ರೆ? ಕರಿಯನಿಗೆ ಪ್ರಾಣ ಅದು

ವಿನಯ: ಒಗ್ಗರಣೆ, ಈರುಳ್ಳಿ, ಒಣದ್ರಾಕ್ಷಿ ಇಲ್ಲದೆ, ರಬ್ಬರ್ ಆಟಿಕೆಯೊಳಗೆ ತುಂಬಿ ಫ್ರೀಜರಲ್ಲಿ ಗಟ್ಟಿ ಮಾಡಿ ಕೊಡಬಹುದು. ನೆಕ್ಕೋಕೆ ಹೊತ್ತು ಹಿಡಿಯುತ್ತೆ. ಆದ್ರೆ ನಿಜವಾಗಿ ಹೆದರಿದ ನಾಯಿ ತಿನ್ನಲ್ಲ. ವಾಪಸ್ ಬಂದಾಗ ಮುಟ್ಟದೆ ಬಿದ್ದಿದ್ರೆ ಅದೇ ಸೂಚನೆ, ಸಮಯ ಇಳಿಸು. ಅಂಗಿ, ರೇಡಿಯೋ ಇದ್ರೆ ಇರಲಿ, ಅದರಿಂದಲೇ ಗುಣ ಆಗಲ್ಲ

ಪ್ರಭಾ ಚಿಕ್ಕಮ್ಮ: ಜೊತೆಗೆ ಇನ್ನೊಂದು ಮರಿ ತಂದ್ರೆ?

ವಿನಯ: ಬಹಳ ಸಲ ಉಪಯೋಗ ಇಲ್ಲ. ಅದಕ್ಕೆ ಬೇಕಿರೋದು ಮನುಷ್ಯರು

ದೊಡ್ಡಪ್ಪ: ನಾನು ಹೇಳಿದ್ದೂ ಅದನ್ನೇ. ಮನೇಲಿ ಜನ ಇರಬೇಕು

ವಿನಯ: ಆ ಮಾತು ಪೂರ್ತಿ ಸರಿ ದೊಡ್ಡಪ್ಪ. ಅಭ್ಯಾಸ ಮುಗಿಯೋವರೆಗೆ ರಾಜ ತಡೆಯೋದಕ್ಕಿಂತ ಹೆಚ್ಚು ಹೊತ್ತು ಒಂಟಿ ಇರಲೇಬಾರದು. ಬೆಳಗ್ಗೆ 30 ಸೆಕೆಂಡು ಕಲಿಸಿ ಮಧ್ಯಾಹ್ನ 4 ಗಂಟೆ ಬೀಗ ಹಾಕಿದ್ರೆ ಕಲಿತಿದ್ದೆಲ್ಲ ಹೋಯ್ತು. ಎಲ್ಲರೂ ಸೋಲೋದು ಇಲ್ಲೇ

ಸುಮಕ್ಕ: ಮಾತ್ರೆ ಇಲ್ವಾ ಹಾಗಾದ್ರೆ?

ವಿನಯ: ಇದೆ, ಡಾಕ್ಟರೇ ಬರೆದುಕೊಡಬೇಕು. ಫ್ಲುವಾಕ್ಸೆಟಿನ್‌ಗೆ ಅಮೆರಿಕದಲ್ಲಿ 2007ರಲ್ಲೇ ಇದಕ್ಕಂತ ಒಪ್ಪಿಗೆ ಸಿಕ್ಕಿದೆ, ತರಬೇತಿ ಜೊತೆಗೆ ಅನ್ನೋ ಷರತ್ತಲ್ಲಿ. ಪರಿಣಾಮ ಕಾಣೋಕೆ 4–6 ವಾರ. ಡೋಸ್ ತೂಕದ ಮೇಲೆ. ರಾಜನನ್ನ ತೂಕ ಮಾಡಿಸಿ, ವಿಡಿಯೋ ಸಮೇತ ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ತೋರಿಸು

ಸುಮಕ್ಕ: ಆಯ್ತು. ಸೋಮವಾರ, ಬುಧವಾರ ನಂಗೆ ರಜೆ ಸಿಗಲ್ಲ. 10ರಿಂದ 5 ಯಾರಾದ್ರೂ ಇರ್ತೀರಾ?

ಪಲ್ಲವಿ: ಬುಧವಾರ ನಾನು

ದೊಡ್ಡಪ್ಪ: ಸೋಮವಾರ ನಾನು ಬರ್ತೀನಿ. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ

ವಿನಯ: ಭಾವ, ಆ ಸಿರಪ್ಪಿನದ್ದು ಬೇರೆ ಗುಂಪಿಗೂ ಹಾಕಿದೀರಾ?

ಶ್ರೀಧರ ಭಾವ: ಸೊಸೈಟಿ ಗುಂಪಿಗೆ, ಕ್ಲಾಸ್‌ಮೇಟ್ಸಿಗೆ

ವಿನಯ: ಎರಡೂ ಕಡೆ ಈಗಲೇ ಅಳಿಸಿ, ಸಿರಪ್ ಕೊಡಬೇಡಿ ಅಂತ ಒಂದು ಸಾಲು ಬರೀರಿ

ಶ್ರೀಧರ ಭಾವ: ಕ್ಲಾಸ್‌ಮೇಟ್ಸಲ್ಲಿ ಅಳಿಸೋಕೆ ಬರ್ತಿಲ್ಲ, ಹಾಕಿ ಮೂರು ದಿನ ಆಯ್ತು. ಬರೀತಿದೀನಿ