ಮೂರು ಕಾಲಮಿನ ಪಟ್ಟಿ

ದೊಡ್ಡಪ್ಪ: ‘ಕ್ರಿಯಾಪದ ಕಲಿತರೆ ನಾಮಪದ, ಗುಣವಾಚಕ ಉಚಿತ’ ಎಂಬ ಶೀರ್ಷಿಕೆಯ ಈ ಇಂಗ್ಲಿಷ್ ಪಟ್ಟಿಯನ್ನು ಮಕ್ಕಳೆಲ್ಲರೂ ಉಳಿಸಿಟ್ಟುಕೊಳ್ಳಿ. ‘ಡಿಸೈಡ್, ಡಿಸಿಷನ್, ಡಿಸೈಸಿವ್’ ಎಂಬಂತೆ 50 ಸಾಲುಗಳಿವೆ. ಮೊದಲ ಕಾಲಮಿನಿಂದ ಉಳಿದೆರಡು ಹೇಗೆ ಹುಟ್ಟುತ್ತವೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ನಾನು: ದೊಡ್ಡಪ್ಪ, ಪದಗಳ ಬಗ್ಗೆ ನನ್ನ ತಕರಾರಿಲ್ಲ, ‘ಹುಟ್ಟುತ್ತವೆ’ ಎಂಬ ಮಾತಿನ ಬಗ್ಗೆ ಇದೆ. ‘ಎಡಿಟ್’ನಿಂದ ‘ಎಡಿಟರ್’ ಬಂದಂತೆ ಪಟ್ಟಿ ತೋರಿಸುತ್ತದೆ. ‘ಎಡಿಟರ್’ 17ನೆಯ ಶತಮಾನದಲ್ಲೇ ಬಳಕೆಯಲ್ಲಿತ್ತು. ಅದರ ಬಾಲ ಕತ್ತರಿಸಿ ‘ಎಡಿಟ್’ ಎಂಬ ಕ್ರಿಯಾಪದ ಮಾಡಿಕೊಂಡದ್ದು 18ನೆಯ ಶತಮಾನದ ಕೊನೆಯ ಹೊತ್ತಿಗೆ. ‘ಟೆಲಿವಿಷನ್’ನಿಂದ ‘ಟೆಲಿವೈಸ್’ ಆದದ್ದೂ ಹೀಗೆಯೇ.

ಅತ್ತೆ: ಯಾವುದು ಮೊದಲು ಬಂತು ಎಂಬುದು ಕಲಿಯುವವರಿಗೆ ಏಕೆ ಬೇಕು? ಕನ್ನಡದಲ್ಲಿ ನೋಡು–ನೋಟ, ಓಡು–ಓಟ, ಕೂಡು–ಕೂಟ ಎಂದು ಒಂದು ಜಾಡು ಸಿಕ್ಕರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಅಣ್ಣ ಕಳಿಸಿರುವುದೂ ಅಂಥದೇ ಜಾಡು.

ನಾನು: ಹಾಗಾದರೆ ಮಾಡು–ಮಾಟ ಎಂದೂ ಹೇಳಬೇಕಾಗುತ್ತದೆ, ಅತ್ತೆ. ಮಾಡುವ ಕೆಲಸವನ್ನೆಲ್ಲ ಮಾಟ ಎಂದರೆ ಜನ ಹೆದರಿಯಾರು. ಪಟ್ಟಿಯಲ್ಲೂ ಇದೇ ತೊಡಕಿದೆ: ‘ಅಟೆಂಡ್’ನ ಮುಂದೆ ‘ಅಟೆನ್ಷನ್’ ಮಾತ್ರ ಇದೆ. ಹಾಜರಿಗೆ ‘ಅಟೆಂಡೆನ್ಸ್’, ಗಮನಕ್ಕೆ ‘ಅಟೆನ್ಷನ್’. ಎರಡೂ ಒಂದೇ ಕ್ರಿಯಾಪದದ ನಂಟಿನವು, ಆದರೆ ಮೊದಲನೆಯದು ಇದ್ದಲ್ಲೆಲ್ಲ ಎರಡನೆಯದು ಇರುವುದಿಲ್ಲವೆಂದು ತರಗತಿಯಲ್ಲಿ ಕೂತವರಿಗೆಲ್ಲ ಗೊತ್ತು.

ಅಕ್ಕ: ಗುಣವಾಚಕದ ಕಾಲಮು ಇನ್ನೂ ಅಪಾಯಕಾರಿ. ‘ಬೋರ್’ ಎಂಬುದಕ್ಕೆ ‘ಬೋರಿಂಗ್’ ಒಂದನ್ನೇ ಕೊಟ್ಟಿದ್ದಾರೆ. ಇದನ್ನೇ ನಂಬಿದ ಮಗು ತನಗೆ ಬೇಸರವಾಗಿದೆ ಎನ್ನಲು ‘ಐ ಆಮ್ ಬೋರಿಂಗ್’ ಎಂದರೆ, ತಾನೇ ಬೇಸರ ಹುಟ್ಟಿಸುವ ಜೀವಿ ಎಂದು ಒಪ್ಪಿಕೊಂಡಂತಾಗುತ್ತದೆ. ಬೇಸರ ತರುವುದು ‘ಬೋರಿಂಗ್’, ಬೇಸರಗೊಂಡವರು ‘ಬೋರ್ಡ್’.

ದೊಡ್ಡಪ್ಪ: ಎರಡು ಸಾಲು ತಪ್ಪಿದವೆಂದು ಇಡೀ ಪಟ್ಟಿಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಡಿಸೈಡ್–ಡಿಸಿಷನ್, ಡಿವೈಡ್–ಡಿವಿಷನ್, ಎಕ್ಸ್‌ಪ್ಲೋಡ್–ಎಕ್ಸ್‌ಪ್ಲೋಷನ್, ಪರ್ಸುವೇಡ್–ಪರ್ಸುವೇಷನ್ ಇವುಗಳನ್ನು ನೋಡಿ. ಕೊನೆಯ ‘ಡ್’ ಹೋಗಿ ‘ಷನ್’ ಬರುವುದು, ಗುಣವಾಚಕದಲ್ಲಿ ‘ಸಿವ್’ ಬರುವುದು, ಇಷ್ಟು ಕ್ರಮಬದ್ಧವಾಗಿರುವಾಗ ನಿಯಮವಿಲ್ಲವೆಂದು ಹೇಗೆ ಹೇಳುತ್ತೀರಿ?

ನಾನು: ನಿಯಮವಿದೆ, ಆದರೆ ಅದು ಲ್ಯಾಟಿನ್ನಿನದು. ಲ್ಯಾಟಿನ್ನಿನಲ್ಲಿ ಇಂಥ ನಾಮಪದಗಳು ಭೂತಕೃದಂತದ, ಅಂದರೆ ಕೆಲಸ ಆಗಿಹೋದುದನ್ನು ಸೂಚಿಸುವ ಕ್ರಿಯಾಪದದ, ರೂಪದಿಂದ ಆಗುತ್ತಿದ್ದವು, ಆ ರೂಪದಲ್ಲಿ ‘ಡ್’ ಆಗಲೇ ‘ಸ್’ ಆಗಿರುತ್ತಿತ್ತು. ಇಂಗ್ಲಿಷ್ ಅಲ್ಲಿಂದ, ಬಹಳ ಸಲ ಫ್ರೆಂಚಿನ ಮೂಲಕ, ಕ್ರಿಯಾಪದವನ್ನೂ ನಾಮಪದವನ್ನೂ ಬೇರೆಬೇರೆಯಾಗಿ ತಂದುಕೊಂಡಿತು. ಇಂಗ್ಲಿಷಿನ ಹಳೆಯ ಸ್ವಂತ ಪದಗಳಾದ ‘ಗ್ರೋ–ಗ್ರೋತ್’, ‘ಸಿಂಗ್–ಸಾಂಗ್’ ಈ ಜಾಡಿಗೆ ಬರುವುದೇ ಇಲ್ಲ. 1066ರಲ್ಲಿ ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳ ಪ್ರವಾಹವೇ ಬಂದದ್ದರಿಂದ ಎರಡು ಮನೆಗಳ ಪದಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ‘ಸೀ’ ಎಂಬ ಕ್ರಿಯಾಪದದ ನಾಮಪದ ‘ಸೈಟ್’ (ನೋಟ) ಸ್ವಂತದ್ದು, ಆದರೆ ಕಾಣುವಂಥದು ಎನ್ನಲು ‘ವಿಸಿಬಲ್’ ಎಂಬ ಲ್ಯಾಟಿನ್ ಮೂಲದ ಪದ ಬೇಕಾಗುತ್ತದೆ. ‘ಹಿಯರ್’ಗೆ ‘ಆಡಿಬಲ್’ ಕೂಡ ಹಾಗೆಯೇ. ಇವೆರಡನ್ನೂ ಯಾವ ಪ್ರತ್ಯಯದಿಂದಲೂ ಊಹಿಸಲಾಗದು, ಪಟ್ಟಿ ಮಾಡಿದವರು ಜಾಣತನದಿಂದ ಬಿಟ್ಟಿದ್ದಾರೆ.

ಅತ್ತೆ: ನಮ್ಮ ‘ಹಾಡು’ ಇದ್ದಂತೆ ರೂಪವೇ ಬದಲಾಗದವೂ ಇವೆಯಲ್ಲ? ‘ರೆಕಾರ್ಡ್’ ಕ್ರಿಯಾಪದವೂ ಹೌದು, ನಾಮಪದವೂ ಹೌದು.

ಅಕ್ಕ: ಬರವಣಿಗೆಯಲ್ಲಿ ಮಾತ್ರ, ಅತ್ತೆ. ನಾಮಪದವಾದರೆ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದರೆ ಎರಡನೆಯದರ ಮೇಲೆ.

ದೊಡ್ಡಪ್ಪ: ಸರಿ, ಶೀರ್ಷಿಕೆಯಿಂದ ‘ಉಚಿತ’ವನ್ನು ತೆಗೆಯುತ್ತೇನೆ. ‘ಡ್’ನಲ್ಲಿ ಮುಗಿಯುವವನ್ನೆಲ್ಲ ಒಟ್ಟಿಗೆ ಜೋಡಿಸಿ ಇಂದು ರಾತ್ರಿ ಮತ್ತೆ ಕಳಿಸುತ್ತೇನೆ. ಅದಕ್ಕಾದರೂ ಯಾರ ಆಕ್ಷೇಪವೂ ಇರಲಾರದು.

ಅಕ್ಕ: ‘ಡಿಗ್ರೇಡ್’ ಅನ್ನು ಎಲ್ಲಿಡುತ್ತೀರಿ, ದೊಡ್ಡಪ್ಪ? ಅದರ ನಾಮಪದ ‘ಡಿಗ್ರೇಡೇಷನ್’, ‘ಡ್’ ಹೋಗಿಲ್ಲ.

ದೊಡ್ಡಪ್ಪ: ಹಾಗಾದರೆ ನಾಳೆ ಕಳಿಸುತ್ತೇನೆ.