ಕುಡುಗೋಲು ಹಿಡಿಗೆ ಸೆನ್ಸರ್: ಕೈ ಬಿಟ್ಟರೂ ರೀಡಿಂಗ್ ಸೊನ್ನೆಗೆ ಇಳಿಯುತ್ತಿಲ್ಲ

ಹುಲ್ಲುಹೊರೆ:
ಸಾಕಾಗಿ ಹೋಗಿದೆ. ಹುಲ್ಲು ಕೊಯ್ದು ಕೊಯ್ದು ಅಮ್ಮನಿಗೆ ಹೆಬ್ಬೆರಳ ಬುಡ ನೋಯುತ್ತದೆ. ಬೇರೆ ಬೇರೆ ದಪ್ಪದ ಹಿಡಿ ಮಾಡಿ, ಯಾವುದರಲ್ಲಿ ಕೈ ಕಡಿಮೆ ಬಿಗಿಯುತ್ತದೆ ಅಂತ ಅಳೆಯುತ್ತಿದ್ದೇನೆ. ಸೆನ್ಸರ್ ಎಫ್‌ಎಸ್‌ಆರ್ 402 (ಒತ್ತಿದಷ್ಟೂ ರೆಸಿಸ್ಟೆನ್ಸ್ ಇಳಿಯುವ ತೆಳು ಹಾಳೆ), ಅದನ್ನು ಓದಲು ಆರ್ಡುಯಿನೊ ಊನೊ ಬೋರ್ಡ್. ಕೈ ಬಿಟ್ಟರೂ 180ರಲ್ಲಿ ನಿಲ್ಲುತ್ತದೆ. ಒಂದೇ ಸಮ ಹಿಡಿದುಕೊಂಡರೆ ಮೆಲ್ಲಗೆ ಏರುತ್ತದೆ. ಕೋಡ್ ಸರಿ ಇದೆ. ಏನು ಮಾಡಲಿ?

ಬೆಸುಗೆ:
ಸೆನ್ಸರ್ ಜೊತೆ ಹಾಕಿದ ರೆಸಿಸ್ಟರ್ ಎಷ್ಟರದ್ದು? 10ಕೆ (10 ಕಿಲೋಓಮ್) ಇದ್ದರೆ ಜೋರಾಗಿ ಹಿಡಿದಾಗ ರೀಡಿಂಗ್ ಮೇಲೆ ಹೋಗಿ ಕೂತುಬಿಡುತ್ತದೆ, ವ್ಯತ್ಯಾಸವೇ ಗೊತ್ತಾಗಲ್ಲ. 3.3ಕೆ ಹಾಕಿ.

ಹುಲ್ಲುಹೊರೆ:
10ಕೆ ಇತ್ತು. 3.3ಕೆ ಹಾಕಿದೆ. 180 ಇದ್ದದ್ದು 67 ಆಯಿತು, ಸೊನ್ನೆ ಆಗಲಿಲ್ಲ.

ಬೆಸುಗೆ:
ಇಳಿಯಿತು ಅಲ್ವಾ? ಇನ್ನೂ ಕಡಿಮೆ ಮಾಡಿ, 1ಕೆ.

ತೋಟದಮನೆ:
ಇಎಸ್‌ಪಿ32 ಬೋರ್ಡ್ ತಗೊಳ್ಳಿ, 12 ಬಿಟ್ ಇದೆ, ಅಂದರೆ ರೀಡಿಂಗ್ ಇನ್ನೂ ಸಣ್ಣ ಮೆಟ್ಟಿಲಲ್ಲಿ ಬರುತ್ತದೆ. ಊನೊದ 10 ಬಿಟ್ ಯಾವ ಕಾಲದ್ದು!

ಬೆಸುಗೆ:
ಇಎಸ್‌ಪಿ32ರ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಎರಡೂ ತುದಿಯಲ್ಲಿ ನೇರವಾಗಿಲ್ಲ ಸರ್. ಸೆನ್ಸರೇ ಅಷ್ಟು ನಿಖರ ಇಲ್ಲದಾಗ ಬಿಟ್ ಹೆಚ್ಚಿಸಿ ಏನು ಪ್ರಯೋಜನ?

ತೋಟದಮನೆ:
ನಾನು ಹಿಡಿಯನ್ನೇ ಉದ್ದಕ್ಕೆ ಸೀಳಿ ನಡುವೆ ಲೋಡ್ ಸೆಲ್ (ಬಲ ಅಳೆಯುವ ಲೋಹದ ತುಂಡು) ಕೂರಿಸಿದ್ದೇನೆ. ಅದನ್ನು ಓದಲು ಎಚ್‌ಎಕ್ಸ್711 ಚಿಪ್, ಸೆಕೆಂಡಿಗೆ 80 ರೀಡಿಂಗ್. ನೇರ ನ್ಯೂಟನ್‌ನಲ್ಲೇ ಓದುತ್ತೇನೆ. ಫೋಟೋ ಹಾಕಲಾ?

ಉಳಿಸುತ್ತಿಗೆ:
ಫೋಟೋ ಆಮೇಲೆ. ಹಿಡಿ ದುಂಡಗಿದೆಯಾ? ಸೆನ್ಸರ್ ಹೇಗೆ ಅಂಟಿಸಿದ್ದೀರಿ?

ಹುಲ್ಲುಹೊರೆ:
ದುಂಡಗೇ, 32 ಮಿ.ಮೀ. ಮೇಲೆ ಇನ್ಸುಲೇಷನ್ ಟೇಪ್ ಎಳೆದು ಸುತ್ತಿದ್ದೇನೆ.

ಉಳಿಸುತ್ತಿಗೆ:
ಅಲ್ಲೇ ಇದೆ ತೊಂದರೆ. ಇದು ಎರಡು ಪದರದ ಸೆನ್ಸರ್. ಬಾಗಿಸಿದರೆ ಪದರಗಳು ಒಂದಕ್ಕೊಂದು ತಾಗುತ್ತವೆ, ಟೇಪ್ ಬೇರೆ ಒತ್ತುತ್ತದೆ, ಅದನ್ನೇ ಒತ್ತಡ ಅಂತ ಓದುತ್ತದೆ. ಉಳಿಯಿಂದ 19 ಮಿ.ಮೀ ಅಗಲ ಚಪ್ಪಟೆ ಮಾಡಿ. ನಡುವೆ 3 ಮಿ.ಮೀ ಆಳ ಹೋಗುತ್ತದೆ ಅಷ್ಟೆ. ಸೆನ್ಸರ್ ಕೂರಿಸಿ, ಅದರ ಒತ್ತಡ ಓದುವ ಒಳವೃತ್ತಕ್ಕಿಂತ ಸ್ವಲ್ಪ ಚಿಕ್ಕ ರಬ್ಬರ್ ಬಿಲ್ಲೆ ಇಡಿ, ಹಿಡಿಯ ದುಂಡಿಗೆ ಸಮ ಬರಲಿ. ಮೆಲ್ಲಗೆ ಏರುವುದು ಈ ಸೆನ್ಸರಿನ ಗುಣ. ಹಿಡಿದ ಮೇಲೆ ಪ್ರತಿ ಸಲ ಅಷ್ಟೇ ಹೊತ್ತು ಬಿಟ್ಟು ಓದಿ.

ಇನ್ನೊಂದು ಮಾತು. ದಪ್ಪ ಹಿಡಿಯಲ್ಲಿ ಒತ್ತಡ ಅಂಗೈ ತುಂಬ ಹರಡುತ್ತದೆ. ಒಂದು ಜಾಗದಲ್ಲಿ ರೀಡಿಂಗ್ ಇಳಿದರೆ ಕೈ ಕಡಿಮೆ ಬಿಗಿಯುತ್ತಿದೆ ಅಂತ ಅಲ್ಲ, ಬರೀ ಕೈ ಜರುಗಿರಬಹುದು. ಹೆಬ್ಬೆರಳ ಬುಡಕ್ಕೊಂದು, ನಾಲ್ಕು ಬೆರಳಿಗೆ ಒಂದೊಂದು ಸೆನ್ಸರ್ ಇಲ್ಲದೆ ಹಿಡಿಗಳನ್ನು ಹೋಲಿಸಬೇಡಿ.

ಹುಲ್ಲುಹೊರೆ:
ಚಪ್ಪಟೆ ಮಾಡಿದೆ, ಸೊನ್ನೆಗೆ ಬಂತು! ತುಂಬಾ ಥ್ಯಾಂಕ್ಸ್. ಐದು ಸೆನ್ಸರಿಗೆ ಐದು ಕಡೆ ಕೆತ್ತಿದರೆ ಹಿಡಿ ಸೀಳಲ್ವಾ? ಹಲಸಿನ ಮರ.

ತೋಟದಮನೆ:
ಅದಕ್ಕೇ ಹೇಳಿದ್ದು, ಲೋಡ್ ಸೆಲ್ ಹಾಕಿ. ಫೋಟೋ ಇಲ್ಲಿದೆ ನೋಡಿ.