ಚಿಕ್ಕಪ್ಪಾ, ಅವಿರೋಧ ಬೇಡ

ಚಿಕ್ಕಪ್ಪಾ, ಮೈಸೂರು ಬಸ್ ಸ್ಟ್ಯಾಂಡಿನಿಂದ ವಾಯ್ಸ್ ಕಳಿಸುತ್ತಿದ್ದೇನೆ. ಗಲಾಟೆ ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ. ನೀವು ಬೆಳಿಗ್ಗೆ ಗ್ರೂಪಿನಲ್ಲಿ ಹಾಕಿದ್ದು ಈಗ ಕೇಳಿದೆ. "ಪಂಚಾಯಿತಿ ಎಲೆಕ್ಷನ್ ಅಂತ ಊರು ಒಡೆಯೋದು ಬೇಡ, ಮಾರಮ್ಮನ ಗುಡಿಗೆ ಯಾರು ಜಾಸ್ತಿ ಕೊಡ್ತಾರೋ ಅವರನ್ನೇ ಅವಿರೋಧ ಮಾಡ್ಬಿಡೋಣ, ನಮಗೇನು ಅಷ್ಟೆಲ್ಲ ಗೊತ್ತಾಗುತ್ತೆ" ಅಂದಿದ್ದೀರಿ. ಬಾವ ಪೂರ್ತಿ ಕೇಳದೇನೇ ಹೆಬ್ಬೆಟ್ಟು ಒತ್ತಿದ್ದಾರೆ.

ಗುಡಿ ಕೆಲಸ ಆಗಲಿ, ನನ್ನ ಪಾಲು ನಾನೂ ಕೊಡುತ್ತೇನೆ. ಆದರೆ ಇದು ಹರಾಜು ಅಲ್ವಾ? ಸೀಟು ಹರಾಜು ಹಾಕಿದರೆ ಅಪರಾಧ. 2020ರಲ್ಲಿ ಒಂದಷ್ಟು ಊರುಗಳಲ್ಲಿ ಹೀಗೇ ನಡೆದು, ರಾಜ್ಯ ಚುನಾವಣಾ ಆಯೋಗ ಕೇಸು ಹಾಕುತ್ತೇವೆ ಅಂತ ಎಚ್ಚರಿಸಿತ್ತು. ಅದು ಬಿಡಿ. ಗುಡಿಗೆ ಲಕ್ಷ ಸುರಿದವನು ಆಮೇಲೆ ಅದನ್ನು ಎಲ್ಲಿಂದ ತೆಗೆಯುತ್ತಾನೆ? ನಮ್ಮ ಮೋರಿಯಿಂದಲೇ ತಾನೇ. ಐದು ವರ್ಷದಲ್ಲಿ ಓಟಿಗೆ ನಿಂತವರು ನಮ್ಮ ಜಗಲಿ ಹತ್ತುವುದೇ ಈ ಹದಿನೈದು ದಿನ. ಅವಿರೋಧ ಮಾಡಿದರೆ ಅದೂ ಇಲ್ಲ.

ಜಗಲಿ ಹತ್ತಿದಾಗ ಏನು ಕೇಳಬೇಕು ಅನ್ನುವುದು ನಮಗೂ ಗೊತ್ತಿರಬೇಕು. ಕಳೆದ ಸಲ ಒಬ್ಬರು ನಾಲೆಗೆ ನೀರು ಬಿಡಿಸುತ್ತೇನೆ, ಕಬ್ಬಿಗೆ ರೇಟು ಕೊಡಿಸುತ್ತೇನೆ ಅಂದರು. ನಾವೂ ತಲೆ ಆಡಿಸಿದೆವು. ನಾಲೆ ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ರೇಟು, ದಿಲ್ಲಿಯಲ್ಲಿ ನಿಗದಿಯಾಗುತ್ತದೆ. ಪಂಚಾಯಿತಿ ಮೆಂಬರ್ ಕೈಯಲ್ಲಿರುವುದು ನಲ್ಲಿ ನೀರು, ಬೀದಿ ದೀಪ, ಮೋರಿ, ಕಸ, ಸರ್ಕಾರದ ಮನೆ ಯಾರಿಗೆ ಅನ್ನುವ ಪಟ್ಟಿ. ಆ ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಆರಿಸಬೇಕು. ಕಳೆದ ಗ್ರಾಮಸಭೆಗೆ ನಮ್ಮ ಮನೆಯಿಂದ ಯಾರು ಹೋಗಿದ್ದರು? ನಾನೂ ಹೋಗಿರಲಿಲ್ಲ.

ದೀಪ ಅಂದಾಗ ನೆನಪಾಯಿತು. ನಮ್ಮ ಮನೆ ಮುಂದಿನ ಕಂಬದ ಲೈಟು ತಿಂಗಳಾನುಗಟ್ಟಲೆ ಕೆಟ್ಟಿತ್ತಲ್ಲ, ಕೇಳೋಣ ಅಂತ ಮೆಂಬರ್ ಮನೆಗೆ ಹೋಗಿದ್ದೆ. ಗೆದ್ದವರು ಆಯಮ್ಮ. ಆದರೆ ಕುರ್ಚಿ ಎಳೆದುಕೊಂಡು ಕೂತವರು ಅವರ ಯಜಮಾನರು. "ಮೇಲಿಂದ ಫಂಡ್ ಬಂದಿಲ್ಲ" ಅಂದರು. ಕಾಫಿ ಕುಡಿದು ಹೊರಟೆ. ಆಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು, "ಅಣ್ಣಾ, ಬಲ್ಬು ಬಂದು ಆಫೀಸಿನ ರೂಮಲ್ಲೇ ಬಿದ್ದೈತೆ. ಹಾಕೋನಿಗೆ ಕೂಲಿ ಯಾರು ಕೊಡೋದು ಅಂತ ಜಗಳ." ನೋಡಿ, ಗೊತ್ತಿದ್ದದ್ದು ಅವರಿಗೆ, ಮಾತಾಡಿದ್ದು ಇವರು. ಅರ್ಧ ಸೀಟು ಹೆಂಗಸರಿಗೆ ಅಂತ ಮೀಸಲಿಟ್ಟಿದ್ದು ಹೀಗಾಗಲಿ ಅಂತ ಅಲ್ಲ. ಈ ಸಲ ಯಾರೇ ಹೆಣ್ಣುಮಕ್ಕಳು ನಿಂತರೂ ನಾನು ಅವರನ್ನೇ ಕೇಳುತ್ತೇನೆ. ಅತ್ತೇ, ನೀವು ಒಳಗೆ ಕರೆದು ಕೂರಿಸಿಕೊಂಡು ಕೇಳಿ, ಇನ್ನೂ ಚೆನ್ನಾಗಿ ಹೇಳುತ್ತಾರೆ.

ಇನ್ನು ಓಟು ಒತ್ತುವ ವಿಷಯ. ಸುಮಾರು 400 ಜನಕ್ಕೆ ಒಬ್ಬ ಮೆಂಬರ್. ಹಾಗಾಗಿ ನಮ್ಮಂಥ ದೊಡ್ಡ ವಾರ್ಡಿನಲ್ಲಿ ಮೂರು ಸೀಟು ಇವೆ, ಅಂದರೆ ಪ್ರತಿಯೊಬ್ಬರಿಗೂ ಮೂರು ಓಟು. ಒಬ್ಬರಿಗೆ ಒಂದೇ, ಆದರೆ ಮೂರು ಜನಕ್ಕೆ ಹಾಕಬಹುದು. ಹೋದ ಸಲ ಅಜ್ಜಿ "ನಮ್ಮೋನಿಗೆ ಒಂದು ಒತ್ತಿ ಬಂದೆ" ಅಂತ ಹೆಮ್ಮೆಯಿಂದ ಹೇಳಿದರು, ಎರಡು ಓಟು ಸುಮ್ನೆ ಹೋಯಿತು. ಬಾವ ಯಾರಿಗೂ ಬೇಜಾರಾಗಬಾರದು ಅಂತ ನಾಲ್ಕು ಒತ್ತಿದರು, ಚೀಟಿಯೇ ಕುಲಗೆಟ್ಟಿತು. ಪಾರ್ಟಿ ಗುರುತೂ ಅಲ್ಲಿರುವುದಿಲ್ಲ. ಯಾರಾದರೂ ಪಾರ್ಟಿ ಹೆಸರು ಹೇಳಿಕೊಂಡು ಬಂದರೆ, ಅದು ಪಕ್ಕಕ್ಕಿರಲಿ, ನೀನೇನು ಮಾಡಿದೆ ಹೇಳಪ್ಪ ಅನ್ನಿ.

ಅತ್ತೆಯದು ಬೇರೆ ಕತೆ. ಕಾರ್ಡು ಕೈಯಲ್ಲಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ, ಬಿಸಿಲಲ್ಲಿ ನಿಂತು ವಾಪಸ್ ಬಂದರು. ಪಂಚಾಯಿತಿ ಓಟಿನ ಪಟ್ಟಿಯನ್ನು ಅಸೆಂಬ್ಲಿ ಪಟ್ಟಿಯಿಂದಲೇ ಮಾಡುತ್ತಾರೆ. ಅಲ್ಲೇ ಹೆಸರು ಬಿಟ್ಟುಹೋಗಿದ್ದರೆ ಇಲ್ಲಿ ಕೂಗಾಡಿ ಪ್ರಯೋಜನ ಇಲ್ಲ. ಹೆಸರು ಸೇರಿಸುವ ಫಾರಂ 6 ನಾನೇ ಮೊಬೈಲಿನಲ್ಲಿ ತುಂಬಿಕೊಡುತ್ತೇನೆ, ಆಧಾರ್ ಮತ್ತು ಒಂದು ಫೋಟೊ ಎತ್ತಿಟ್ಟಿರಿ.

ಹಳಬರು ಮತ್ತೆ ನಿಲ್ಲುತ್ತಾರಂತೆ. ಅದಕ್ಕೇ ಅವರ ಲೆಕ್ಕ ಮೊದಲು ನೋಡೋಣ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಖರ್ಚಿನ ಪುಸ್ತಕ ಜನರ ಮುಂದೆ ಇಡಬೇಕು. ನರೇಗಾದಲ್ಲಿ ಆದ ಕೆಲಸಗಳು ನೆಟ್ಟಿನಲ್ಲೂ ಇವೆ, ಯಾವ ಮೋರಿ, ಎಷ್ಟು ದುಡ್ಡು ಎಲ್ಲ ಸಿಗುತ್ತದೆ. ನಾನು ಪ್ರಿಂಟ್ ತರುತ್ತೇನೆ. ಚಿಕ್ಕಪ್ಪಾ, ಆ ಮೋರಿ ನಿಜವಾಗಲೂ ಅಲ್ಲಿದೆಯಾ ಅಂತ ಹೇಳಬೇಕಾದವರು ನೀವು. ಯಾವ ಕಲ್ಲು ಯಾವಾಗ ಬಿತ್ತು ಅಂತ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಪುಸ್ತಕ ತೋರಿಸದಿದ್ದರೆ ಪಂಚಾಯಿತಿ ಅಧಿಕಾರಿ ಪಿಡಿಒಗೆ ಹತ್ತು ರೂಪಾಯಿ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಕೊಡೋಣ.

ಸೋಮವಾರ ರಜ ಹಾಕಿದ್ದೇನೆ. ಭಾನುವಾರ ರಾತ್ರಿ ಊಟಕ್ಕೆ ಬರುತ್ತೇನೆ, ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಪಂಚಾಯಿತಿ ಆಫೀಸಿಗೆ ಹೋಗೋಣ. ಬಾವ, ನೀವೂ ಬನ್ನಿ, ಗಾಡಿ ನಿಮ್ಮದೇ. ಹೋ, ಬಸ್ಸು ಬಂತು. ಅತ್ತೇ, ಹುರುಳಿಕಾಳು ಸಾರು ಮಾಡಿಸಿ.